ಅಡುಗೆಮನೆಯ ಚಿಮಣಿ ಹಾಕಿದಾಗ ಕಟ್ಟಿಗೆ ಒಲೆಯ ಹೊಗೆ ಒಳಗೆ ಬರುತ್ತಿದ್ದರೆ

ಅಡುಗೆಯ ಹೊಗೆ ಹೊರಗೆ ಎಳೆಯುವ ಅಡುಗೆಮನೆಯ ಚಿಮಣಿ ಹಾಕಿದಾಗ ಮಾತ್ರ, ಮನೆ ಬೆಚ್ಚಗಿಡುವ ಕಟ್ಟಿಗೆ ಒಲೆಯಿಂದ ಹೊಗೆ ಹಾಲ್‌ಗೆ ಬರುತ್ತಿದ್ದರೆ, ಬಹುಶಃ ತಪ್ಪು ಒಲೆಯದ್ದಲ್ಲ. ಜರ್ಮನಿಯ ಹೊಸ ಮನೆಗಳಲ್ಲಿ ಸಂದಿಯಿಂದ ಗಾಳಿ ನುಸುಳುವುದೇ ಕಡಿಮೆ. ಚಿಮಣಿ ಹೊರಗೆ ತಳ್ಳಿದಷ್ಟು ಗಾಳಿ ಒಳಗೆ ಬರಬೇಕಲ್ವಾ? ಅದು ಒಲೆಯ ಹೊಗೆಕೊಳವೆಯಿಂದ ಇಳಿಯುತ್ತದೆ.

ಇವತ್ತಿನಿಂದಲೇ ಎರಡನ್ನೂ ಒಟ್ಟಿಗೆ ಹಾಕಬೇಡಿ. ಒಲೆಯಿರುವ ಕೋಣೆಗೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ ಅಲಾರಂ ತನ್ನಿ, ಯುರೋಪಿನ ಮಾನದಂಡ ಇಎನ್ 50291ರ ಗುರುತು ಇರಲಿ. ಕೆಂಡ ಮಾತ್ರ ಉಳಿದಾಗ ಹೊಗೆ ಕಾಣದೆಯೂ ಈ ಅನಿಲ ಬರುತ್ತದೆ, ವಾಸನೆಯೂ ಇಲ್ಲ.

ಆಮೇಲೆ ಒಲೆ ತಣ್ಣಗಿರುವಾಗ ಕಿಟಕಿ ಮುಚ್ಚಿ, ಚಿಮಣಿ ಜೋರಾಗಿ ಹಾಕಿ, ಒಲೆಯ ಬಾಗಿಲ ಬಳಿ ಊದುಬತ್ತಿ ಹಿಡಿಯಿರಿ. ಹೊಗೆ ನಿಮ್ಮ ಕಡೆ ತಿರುಗಿ, ಕಿಟಕಿ ತೆಗೆದಾಗ ಸರಿಹೋದರೆ ಕಾರಣ ಇದೇ. ತಣ್ಣನೆಯ ಕೊಳವೆಯಲ್ಲಿ ಎಳೆತ ಕಡಿಮೆ, ಹಾಗಾಗಿ ಇದು ಸುಳಿವು ಮಾತ್ರ. ಕಿಟಕಿ ತೆಗೆದರೂ ಹಾಗೇ ಇದ್ದರೆ ಕೊಳವೆ ಕಟ್ಟಿಕೊಂಡಿರಬಹುದು.

ಅಗ್ಗದ ಪರಿಹಾರ ಕಿಟಕಿ ಸ್ವಿಚ್: ಕಿಟಕಿ ತೆರೆದರೆ ಮಾತ್ರ ಚಿಮಣಿಗೆ ಕರೆಂಟ್. ಗಾಳಿಯನ್ನು ಸೋಸಿ ಒಳಗೇ ಬಿಡುವ ಚಿಮಣಿಯಾದರೆ ಈ ಗೋಜೇ ಇಲ್ಲ.

ಇಡೀ ಮನೆಗೆ ಗಾಳಿ ಬದಲಿಸುವ ವೆಂಟಿಲೇಶನ್ ಯಂತ್ರ ಇದ್ದರೆ ಅದನ್ನೂ ನೋಡಿ. ಕೊರೆಯುವ ಚಳಿಯಲ್ಲಿ ತಮ್ಮೊಳಗೆ ಮಂಜುಗಟ್ಟದಿರಲೆಂದು ಕೆಲವು ಯಂತ್ರಗಳು ಒಳಬರುವ ಗಾಳಿಯ ಫ್ಯಾನ್ ನಿಲ್ಲಿಸಿಬಿಡುತ್ತವೆ, ಗಾಳಿ ಹೊರಹೋಗುವುದಷ್ಟೇ ಉಳಿಯುತ್ತದೆ. ಒಲೆ ಉರಿಸುವುದೂ ಆಗಲೇ! ಅಲ್ಲಿ ಕೋಣೆಯ ಒಳಗೂ ಹೊರಗೂ ಗಾಳಿಯ ಒತ್ತಡದ ವ್ಯತ್ಯಾಸ 4 ಪ್ಯಾಸ್ಕಲ್ (ಒತ್ತಡದ ಅಳತೆ) ದಾಟಿದರೆ ಫ್ಯಾನ್ ನಿಲ್ಲಿಸುವ ಸಾಧನ ಬೇಕು.

ಏನನ್ನೂ ಕೊಳ್ಳುವ ಮೊದಲು ನಿಮ್ಮ ಪ್ರದೇಶದ ಶೋರ್ನ್‌ಸ್ಟೈನ್‌ಫೇಗರ್‌ಗೆ (ಒಲೆ, ಹೊಗೆಕೊಳವೆ ಪರೀಕ್ಷಿಸುವವರು) ಫೋನ್ ಮಾಡಿ. ಒಪ್ಪಿಗೆ ಕೊಡಬೇಕಾದವರು ಅವರೇ.