ವರದಿಯೆಲ್ಲ ನಾರ್ಮಲ್, ನೋವು ಮಾತ್ರ ನಿಂತಿಲ್ಲ

ಪ್ರಶ್ನೆ: ನನ್ನ ಅಕ್ಕನಿಗೆ 42 ವರ್ಷ. ದಾವಣಗೆರೆಯಲ್ಲಿ ಭಾವನ ಜೊತೆ ಮಂಡಕ್ಕಿ ಭಟ್ಟಿ ನೋಡಿಕೊಳ್ಳುತ್ತಾಳೆ. ಮೂರು ವರ್ಷದಿಂದ ಎದೆ ಹಿಡಿದಂತಾಗುವುದು, ಹೊಟ್ಟೆ ಉಬ್ಬರ, ಕೈಕಾಲು ಜೋಮು. ಇಸಿಜಿ, ಎಂಡೋಸ್ಕೋಪಿ ಎಲ್ಲವೂ ನಾರ್ಮಲ್. ಒಬ್ಬ ವೈದ್ಯರು ಚೀಟಿಯಲ್ಲಿ ‘ಎಫ್ 45’ ಎಂದೂ ಮತ್ತೊಬ್ಬರು ‘ಸೊಮ್ಯಾಟಿಕ್ ಸಿಂಪ್ಟಮ್ ಡಿಸಾರ್ಡರ್’ ಎಂದೂ ಬರೆದಿದ್ದಾರೆ. ಇವು ಎರಡು ಕಾಯಿಲೆಯೇ? ಸೈಕೋಸೊಮ್ಯಾಟಿಕ್ ಎಂದರೂ ಇದೇನಾ? ಮನೆಯಲ್ಲಿ ‘ನಾಟಕ’ ಎನ್ನುತ್ತಾರೆ.

ಉತ್ತರ: ಒಂದೇ ತೊಂದರೆಯನ್ನು ಇಬ್ಬರು ವೈದ್ಯರು ಎರಡು ಬೇರೆ ರೋಗಪಟ್ಟಿಗಳ ಹೆಸರಿನಲ್ಲಿ ಗುರುತಿಸಿರುವಂತೆ ಕಾಣುತ್ತದೆ. ‘ಎಫ್ 45’ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-10ರ ಸಂಕೇತ; ಇನ್ನೊಂದು ಹೆಸರು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಮಾನಸಿಕ ಕಾಯಿಲೆಗಳ ಪಟ್ಟಿ ಡಿಎಸ್‌ಎಂ-5ರದು.

ಹೆಸರಿಗಿಂತ ಮುಖ್ಯವಾದದ್ದು ಎರಡೂ ಪಟ್ಟಿಗಳು ಏನನ್ನು ನೋಡುತ್ತವೆ ಎಂಬುದು. ಐಸಿಡಿ-10ರ ಪ್ರಕಾರ, ದೇಹದ ಕಾಯಿಲೆಯಿಂದ ವಿವರಿಸಲಾಗದ ಲಕ್ಷಣಗಳು ಇರಬೇಕು ಮತ್ತು ವೈದ್ಯರು ಭರವಸೆ ಕೊಟ್ಟರೂ ರೋಗಿಗೆ ಸಮಾಧಾನವಾಗದೆ ಮತ್ತೆ ಮತ್ತೆ ಪರೀಕ್ಷೆ ಕೇಳುವಂತಿರಬೇಕು. ಅದರ ಸೊಮಟೈಸೇಶನ್ (ದೇಹದ ಹಲವು ಲಕ್ಷಣಗಳು ಮತ್ತೆ ಮತ್ತೆ ಕಾಡುವುದು) ವಿಭಾಗಕ್ಕಂತೂ ಇದು ಕನಿಷ್ಠ ಎರಡು ವರ್ಷ ನಡೆದಿರಬೇಕು. ಡಿಎಸ್‌ಎಂ-5ರ ಹಿಂದಿನ ಆವೃತ್ತಿಯಾದ 1994ರ ಡಿಎಸ್‌ಎಂ-4 ಇನ್ನೂ ಬಿಗಿಯಾಗಿತ್ತು: 30 ವರ್ಷದೊಳಗೆ ಶುರುವಾಗಿರಬೇಕು, ನಾಲ್ಕು ಕಡೆ ನೋವು, ಹೊಟ್ಟೆಯ ಎರಡು ತೊಂದರೆ, ಲೈಂಗಿಕವಾದದ್ದೊಂದು, ನರದ ಕಾಯಿಲೆಯಂತೆ ತೋರುವುದೊಂದು. ನನ್ನ ಅಭಿಪ್ರಾಯದಲ್ಲಿ ಇದು ರೋಗಿಯನ್ನು ಬಿಟ್ಟು ಲೆಕ್ಕ ಹಿಡಿದ ಕ್ರಮ.

ಡಿಎಸ್‌ಎಂ-5 ಈ ತರ್ಕವನ್ನೇ ಬದಲಿಸಿತು. ವರದಿಯಲ್ಲಿ ಏನೂ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಮಾನಸಿಕ ಎಂದು ಬರೆಯುವಂತಿಲ್ಲ. ಕಾಡುವ ಲಕ್ಷಣ ಒಂದೇ ಇದ್ದರೂ ಸಾಕು, ಆದರೆ ಅದರ ಸುತ್ತ ಅತಿಯಾದ ಯೋಚನೆಯೋ ಆತಂಕವೋ ಸಮಯ ನುಂಗುವ ನಡವಳಿಕೆಯೋ ಸಾಮಾನ್ಯವಾಗಿ ಆರು ತಿಂಗಳಿಗೂ ಹೆಚ್ಚು ಕಾಲ ಇರಬೇಕು. ನಡುರಾತ್ರಿ ಎದ್ದು ನಾಡಿ ಹಿಡಿದು ನೋಡಿಕೊಳ್ಳುವುದು, ಎದೆ ಹಿಡಿದೀತೆಂದು ಒಬ್ಬರೇ ಭಟ್ಟಿಗೆ ಹೋಗಲು ಹೆದರುವುದು, ಹಳೆಯ ಫೈಲು ಹಿಡಿದು ಆಸ್ಪತ್ರೆ ಬದಲಿಸುತ್ತಲೇ ಇರುವುದು ನಿಮ್ಮ ಅಕ್ಕನಲ್ಲಿದೆಯೇ ಎಂದು ಗಮನಿಸಿ. ಹೃದಯಾಘಾತ ನಿಜವಾಗಿ ಆಗಿದ್ದವರಿಗೂ ಈ ರೋಗನಿರ್ಣಯ ಅನ್ವಯಿಸಬಹುದು. ಕಾರಣ ತಿಳಿಯದ ನೋವಿದ್ದೂ ನೆಮ್ಮದಿಯಾಗಿ ಕೆಲಸ ಮಾಡಿಕೊಂಡಿರುವವರಿಗೆ ಅನ್ವಯಿಸುವುದಿಲ್ಲ. 2022ರಿಂದ ಜಾರಿಯಲ್ಲಿರುವ ಐಸಿಡಿ-11 ಕೂಡ ‘ಬಾಡಿಲಿ ಡಿಸ್ಟ್ರೆಸ್ ಡಿಸಾರ್ಡರ್’ ಎಂಬ ಹೆಸರಿನಲ್ಲಿ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದೆ.

ಸೈಕೋಸೊಮ್ಯಾಟಿಕ್ ಎಂದು ವೈದ್ಯರು ಸಾಮಾನ್ಯವಾಗಿ ಹೇಳುವುದು ಬೇರೆಯದಕ್ಕೆ: ಅಸ್ತಮಾ, ಅಲ್ಸರ್‌ನಂಥ ಖಚಿತ ಕಾಯಿಲೆ ಇದ್ದು, ಮನಸ್ಸಿನ ಒತ್ತಡದಿಂದ ಅದು ಹೆಚ್ಚಾಗುವುದು. ಐಸಿಡಿ-10ರಲ್ಲಿ ಅದಕ್ಕೆ ‘ಎಫ್ 54’ ಎಂಬ ಪ್ರತ್ಯೇಕ ಸಂಕೇತವಿದೆ. ಇನ್ನು ನಾಟಕದ ಮಾತು: ಬೇಕೆಂದೇ ರೋಗ ನಟಿಸುವುದಕ್ಕೆ ಎರಡೂ ಪಟ್ಟಿಗಳಲ್ಲಿ ಬೇರೆ ಜಾಗವಿದೆ. ನಿಮ್ಮ ಅಕ್ಕ ಅನುಭವಿಸುತ್ತಿರುವುದು ನಿಜವಾದ ನೋವು. ಇದನ್ನು ಮನೆಯವರಿಗೆ ದಯವಿಟ್ಟು ತಿಳಿಸಿ.

ಒಬ್ಬರೇ ವೈದ್ಯರನ್ನು ನಿಗದಿತ ದಿನಗಳಲ್ಲಿ ಕಾಣುವುದು, ಜೊತೆಗೆ ಮನೋವೈದ್ಯರಿಂದ ಖಿನ್ನತೆ ಮತ್ತು ಆತಂಕದ ತಪಾಸಣೆ ಮಾಡಿಸಿ ಅರಿವಿನ ವರ್ತನಾ ಚಿಕಿತ್ಸೆ (ಯೋಚನೆ, ನಡವಳಿಕೆಯನ್ನು ತಿದ್ದಿಕೊಳ್ಳಲು ನೆರವಾಗುವ ಮಾತಿನ ಚಿಕಿತ್ಸೆ, ಸಿಬಿಟಿ) ಪಡೆಯುವುದು ಒಳ್ಳೆಯದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ತೂಕ ಇಳಿಯುವುದು, ಮಲದಲ್ಲಿ ರಕ್ತ, ನಡೆದಾಗ ಎದೆನೋವು, ಒಂದು ಕಡೆಯ ಕೈಕಾಲು ಸೋಲುವುದು ಹೊಸದಾಗಿ ಕಂಡರೆ ಹಳೆಯ ಚೀಟಿ ಏನೇ ಹೇಳಲಿ, ತಕ್ಷಣ ಮರುಪರೀಕ್ಷೆ ಮಾಡಿಸಿ.