ನೇಪಲ್ಸ್–ಪಲೆರ್ಮೊ ರಾತ್ರಿ ಹಡಗು: ಕಾರು, ಕ್ಯಾಬಿನ್, ಊಟದ ಬಗ್ಗೆ

ಸೆಪ್ಟೆಂಬರ್‌ನಲ್ಲಿ ಇಟಲಿಯ ನೇಪಲ್ಸ್‌ನಿಂದ ಸಿಸಿಲಿ ದ್ವೀಪದ ಪಲೆರ್ಮೊಗೆ ಬಾಡಿಗೆ ಕಾರಿನ ಸಮೇತ ರಾತ್ರಿ ಹಡಗಲ್ಲಿ ಹೋಗಬೇಕು, ಊರಿಂದ ಬರುವ ಅಪ್ಪ-ಅಮ್ಮನೂ ಜೊತೆಗಿರ್ತಾರೆ, ಕ್ಯಾಬಿನ್‌ಗೆ ದುಡ್ಡು ಹಾಕುವ ಬದಲು ಕಾರಲ್ಲೇ ಮಲಗಬಹುದಾ ಅಂತ ಕೇಳಿದ್ದೀರಿ. ಆಗಲ್ಲ. ಹಡಗು ಹೊರಟ ಮೇಲೆ ಕಾರುಗಳ ಡೆಕ್‌ಗೆ ಬೀಗ ಬೀಳುತ್ತೆ, ಬೆಳಿಗ್ಗೆ ಬಂದರು ಮುಟ್ಟುವವರೆಗೆ ಯಾರನ್ನೂ ಒಳಗೆ ಬಿಡಲ್ಲ. 2014ರ ಡಿಸೆಂಬರ್ 28ರಂದು ಗ್ರೀಸ್‌ನಿಂದ ಅಂಕೋನಾಗೆ ಬರುತ್ತಿದ್ದ ನಾರ್ಮನ್ ಅಟ್ಲಾಂಟಿಕ್ ಹಡಗಿನಲ್ಲಿ ಬೆಂಕಿ ಹತ್ತಿಕೊಂಡಿದ್ದು ವಾಹನಗಳ ಡೆಕ್‌ನಲ್ಲೇ. 2022ರ ಫೆಬ್ರವರಿಯಲ್ಲಿ ಗ್ರೀಸ್‌ನಿಂದ ಬ್ರಿಂಡಿಸಿಗೆ ಹೊರಟಿದ್ದ ಯೂರೋಫೆರಿ ಒಲಿಂಪಿಯಾದಲ್ಲೂ ಹಾಗೇ ಆಯಿತು. ಎರಡರಲ್ಲೂ ಜನ ಸತ್ತರು. ಹಾಗಾಗಿ ಈ ನಿಯಮದ ಸುತ್ತಲೇ ನಿಮ್ಮ ಪ್ಲಾನ್ ಮಾಡಿಕೊಳ್ಳಿ: ರಾತ್ರಿಗೆ ಬೇಕಾದ್ದೆಲ್ಲ ನಿಮ್ಮ ಕೈಯಲ್ಲಿರಬೇಕು, ಕಾರಲ್ಲಿ ಉಳಿದದ್ದು ಬೆಳಗಿನವರೆಗೆ ಸಿಗಲ್ಲ.

ಟಿಕೆಟ್ ತಗೊಳ್ಳುವ ಮುಂಚೆ ಬಾಡಿಗೆ ಕಾರಿನ ಕರಾರು ಓದಿ. ಕಾರನ್ನು ಹಡಗಿಗೆ ಹತ್ತಿಸಲು ಕೆಲವು ಕಂಪನಿಗಳು ಬಿಡುವುದೇ ಇಲ್ಲ, ಕೆಲವು ಮುಂಚೆ ತಿಳಿಸಿದರೆ ಬಿಡ್ತವೆ. ಬಿಟ್ಟರೂ, ಹಡಗಿನ ಮೇಲಿದ್ದಾಗ ಆಗುವ ಹಾನಿಗೆ ವಿಮೆ ಸಿಗುತ್ತಾ ಅನ್ನೋದು ಬೇರೆ ಪ್ರಶ್ನೆ. ಎರಡನ್ನೂ ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಕೌಂಟರಿನ ಬಾಯಿಮಾತು ಸಾಲದು. ನನ್ನನ್ನು ಕೇಳಿದರೆ, ಕಾರನ್ನು ನೇಪಲ್ಸ್‌ನಲ್ಲೇ ವಾಪಸ್ ಕೊಟ್ಟು, ನಾಲ್ಕು ಜನ ಬರಿಗೈಲಿ ಹಡಗು ಹತ್ತಿ, ಪಲೆರ್ಮೊದಲ್ಲಿ ಬೇರೆ ಕಾರು ತಗೊಳ್ಳುವ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಎಷ್ಟೋ ಸಲ ಅದೇ ಅಗ್ಗ. ರಸ್ತೆ ಮೇಲೇ ಹೋಗ್ತೀವಿ ಅಂದರೆ ವಿಲ್ಲಾ ಸಾನ್ ಜೊವಾನ್ನಿವರೆಗೆ ಸುಮಾರು 490 ಕಿ.ಮೀ., ಅಲ್ಲಿಂದ ಸಿಸಿಲಿಯ ಮೆಸ್ಸೀನಾಗೆ 20 ನಿಮಿಷದ ಫೆರಿ, ಆಮೇಲೆ ಮತ್ತೆ 220 ಕಿ.ಮೀ. ಆಸುಪಾಸು. ಸಲೆರ್ನೊ ದಾಟಿದ ಮೇಲಿನ ಎ2 ಹೆದ್ದಾರಿಗೆ ಟೋಲ್ ಇಲ್ಲ. ಆದರೂ ವಯಸ್ಸಾದವರನ್ನು ಕೂರಿಸಿಕೊಂಡು ಒಂದೇ ದಿನ ಇಷ್ಟು ದೂರ ಬೇಡ.

ಬುಕಿಂಗ್ ಫಾರ್ಮ್‌ನಲ್ಲಿ ತಪ್ಪಾಗುವ ಜಾಗಗಳು ಮೂರು ನಾಲ್ಕಿವೆ. ಕಾರಿನ ಉದ್ದ, ಎತ್ತರ ಕೇಳ್ತಾರೆ. ಮೇಲೆ ರೂಫ್ ಬಾಕ್ಸ್ ಇದ್ದರೆ ಅದನ್ನೂ ಸೇರಿಸಿಯೇ ಎತ್ತರ ಬರೀಬೇಕು, ಕಮ್ಮಿ ಬರೆದರೆ ಬಂದರಿನಲ್ಲಿ ವ್ಯತ್ಯಾಸದ ದುಡ್ಡು ಕೀಳ್ತಾರೆ. ಗ್ಯಾಸ್ ಗಾಡಿಯಾದರೆ ಅದನ್ನು ಮುಂಚೆಯೇ ಹೇಳಬೇಕು (ಎಲ್‌ಪಿಜಿಗೆ ಅಲ್ಲಿ ಜಿ-ಪಿ-ಎಲ್ ಅಂತಾರೆ, ಸಿಎನ್‌ಜಿಗೆ ಮೆಟಾನೊ), ಅಂಥವನ್ನು ಬೇರೆ ಜಾಗದಲ್ಲಿ ನಿಲ್ಲಿಸ್ತಾರೆ. ಬಾಡಿಗೆ ಕಾರಿನ ನಂಬರ್ ಪ್ಲೇಟ್ ಮುಂಚೆ ಗೊತ್ತಾಗಲ್ಲವಲ್ಲ, ಅದನ್ನು ಆಮೇಲೆ ತಿದ್ದಬಹುದಾ ಅಂತ ಹಡಗು ಕಂಪನಿಯನ್ನು ಕೇಳಿಯೇ ಬುಕ್ ಮಾಡಿ, ಕಾರು ಕೈಗೆ ಬಂದ ದಿನವೇ ತಿದ್ದಿಬಿಡಿ. ಇನ್ನು ನಮ್ಮವರದೇ ಒಂದು ತೊಡಕು: ಅಪ್ಪ-ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೂ ಫಾರ್ಮ್ ಅದನ್ನು ಖಾಲಿ ಬಿಡಲು ಒಪ್ಪಲ್ಲ. ಹೆಸರನ್ನೇ ಎರಡೂ ಕಡೆ ಬರೆಯಿರಿ, ಇನಿಷಿಯಲ್ ಮಾತ್ರ ಹಾಕಬೇಡಿ. ಪ್ರಯಾಣ ಇಟಲಿಯೊಳಗೇ ಆದ್ದರಿಂದ ಇಮಿಗ್ರೇಷನ್ ಇಲ್ಲ, ಆದರೆ ಹತ್ತುವಾಗ ಗುರುತಿನ ಚೀಟಿ ನೋಡ್ತಾರೆ, ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ. ಭಾರತದ ಲೈಸೆನ್ಸ್‌ನಲ್ಲಿ ಓಡಿಸುವವರು ಯಾರಾದರೂ ಇದ್ದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಊರಲ್ಲೇ ಆರ್‌ಟಿಒದಿಂದ ಮಾಡಿಸಿಕೊಂಡು ಬರಲಿ.

ಟಿಕೆಟ್‌ನಲ್ಲಿ ಮೂರು ದರ್ಜೆ. ‘ಪಸ್ಸಾಜೊ ಪೊಂತೆ’ ಅಂದರೆ ಬರೀ ಹತ್ತುವ ಹಕ್ಕು, ಮಲಗಲು ಜಾಗ ಇಲ್ಲ. ‘ಪೊಲ್ತ್ರೋನಾ’ ಅಂದರೆ ಹಿಂದಕ್ಕೆ ಒರಗುವ ಸೀಟು, ನಮ್ಮ ಸೆಮಿ ಸ್ಲೀಪರ್ ಬಸ್ಸಿನ ಹಾಗೆ. ಹತ್ತು-ಹನ್ನೊಂದು ಗಂಟೆಯ ಪ್ರಯಾಣಕ್ಕೆ, ಹಿರಿಯರು ಜೊತೆಗಿರುವಾಗ, ಕ್ಯಾಬಿನ್ ಒಂದೇ ಸರಿ. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಸಾಕು, ರಾತ್ರಿ ಸಮುದ್ರದಲ್ಲಿ ಕತ್ತಲು ಬಿಟ್ಟರೆ ಏನೂ ಕಾಣಲ್ಲ. ನಾಲ್ಕು ಜನರ ಕ್ಯಾಬಿನ್‌ನಲ್ಲಿ ಎರಡು ಬರ್ತ್ ಕೆಳಗೆ, ಎರಡು ಮೇಲೆ, ಮೇಲಿನವಕ್ಕೆ ನೇರ ಏಣಿ. ಕೆಳಗಿನವು ಅಪ್ಪ-ಅಮ್ಮನಿಗೆ. ಬಾತ್‌ರೂಮ್ ಬಾಗಿಲಲ್ಲಿ ನೀರು ಹೊರಗೆ ಬರದ ಹಾಗೆ ಎತ್ತರದ ಕಬ್ಬಿಣದ ಹೊಸ್ತಿಲು ಇರುತ್ತೆ. ರಾತ್ರಿ ನಿದ್ದೆಗಣ್ಣಲ್ಲಿ ಎದ್ದವರು ಎಡವುವುದು ಅಲ್ಲೇ. ಮೊದಲೇ ತೋರಿಸಿಡಿ, ಒಳಗಿನ ದೀಪ ಹಾಕಿ ಬಾಗಿಲು ಸ್ವಲ್ಪ ತೆರೆದಿಟ್ಟೇ ಮಲಗಿ. ವಾಂತಿ ಬರುವ ಭಯವಿದ್ದರೆ ಹಡಗಿನ ಮಧ್ಯಭಾಗದ, ಕೆಳ ಅಂತಸ್ತಿನ ಕ್ಯಾಬಿನ್ ಕೇಳಿ. ಮೂತಿ ಕಡೆ ಮತ್ತು ಮೇಲಿನ ಅಂತಸ್ತಲ್ಲಿ ಓಲಾಟ ಜಾಸ್ತಿ. ಮಾತ್ರೆಯನ್ನು ಹಡಗು ಓಲಾಡಲು ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ, ಹೊರಡುವ ಮುಂಚೆಯೇ ತಗೊಳ್ಳಬೇಕು. ಹಿರಿಯರು ಬಿಪಿ, ಸಕ್ಕರೆ ಮಾತ್ರೆ ತಗೊಳ್ಳುತ್ತಿದ್ದರೆ ಅದರ ಜೊತೆ ಇದು ಆಗುತ್ತಾ ಅಂತ ಊರಲ್ಲೇ ಡಾಕ್ಟರನ್ನು ಕೇಳಿ ಬರಲಿ.

ಹಡಗು ಹೊರಡುವುದು ಸಂಜೆ 8ರ ಆಸುಪಾಸು. ಕಾರಿನವರು ಎರಡು ಗಂಟೆ ಮುಂಚೆ ಬಂದರಿನ ಒಳಗಿರಬೇಕು. ಸಂಜೆಯ ನೇಪಲ್ಸ್ ಟ್ರಾಫಿಕ್ ನಂಬುವಂಥದ್ದಲ್ಲ, ಮೂರು ಗಂಟೆ ಇಟ್ಟುಕೊಳ್ಳಿ. ಮ್ಯಾಪ್‌ನಲ್ಲಿ ಬರೀ ‘ನೇಪಲ್ಸ್ ಬಂದರು’ ಅಂತ ಹಾಕಬೇಡಿ, ಬಂದರು ಬಹಳ ಉದ್ದ. ಮೋಲೊ ಬೆವೆರೆಲ್ಲೊ ದ್ವೀಪಗಳಿಗೆ ಹೋಗುವ ವೇಗದ ದೋಣಿಗಳದ್ದು, ಕಲಾತಾ ಪೋರ್ತಾ ದಿ ಮಾಸ್ಸಾದಿಂದ ಕಾಪ್ರಿ, ಇಸ್ಕಿಯಾ ಕಡೆಯ ಕಾರ್ ಫೆರಿಗಳು. ನಿಮ್ಮ ಟಿಕೆಟ್‌ನಲ್ಲಿರುವ ಗೇಟಿನ ಹೆಸರನ್ನೇ ಹಾಕಿ (‘ವಾರ್ಕೊ’ ಅಂತ ಬರೆದಿರುತ್ತೆ), ಆಮೇಲೆ ‘ಇಂಬಾರ್ಕಿ’ (ಹಡಗು ಹತ್ತುವ ಜಾಗ) ಬೋರ್ಡ್ ಹಿಡಿದು ಹೋಗಿ.

ಒಳಗೆ ಕೆಲಸದವರು ಕೈಸನ್ನೆ ಮಾಡಿ ಕಾರುಗಳನ್ನು ಒಂದಕ್ಕೊಂದು ಅಂಟಿಸಿದ ಹಾಗೆ ನಿಲ್ಲಿಸ್ತಾರೆ. ಒಂದು ಕಡೆ ಬಾಗಿಲು ಅರ್ಧವೂ ತೆರೆಯಲ್ಲ. ಕೆಲವು ಹಡಗಲ್ಲಿ ಡ್ರೈವರ್ ಒಬ್ಬರೇ ಕಾರಲ್ಲಿ, ಉಳಿದವರು ನಡೆದೇ ಹತ್ತಬೇಕು. ಅಪ್ಪ-ಅಮ್ಮನಿಗೆ ಮೆಟ್ಟಿಲು ಕಷ್ಟವಾದರೆ 48 ಗಂಟೆ ಮುಂಚೆ ಕಂಪನಿಗೆ ತಿಳಿಸಿ, ಚೆಕ್-ಇನ್‌ನಲ್ಲೂ ಇನ್ನೊಮ್ಮೆ ಹೇಳಿ, ಲಿಫ್ಟ್ ಹತ್ತಿರ ನಿಲ್ಲಿಸಲು ಕೇಳಿ. ಇಂಜಿನ್ ಆಫ್, ಹ್ಯಾಂಡ್‌ಬ್ರೇಕ್, ಮ್ಯಾನ್ಯುಯಲ್ ಆದರೆ ಫಸ್ಟ್ ಗೇರ್, ಕನ್ನಡಿ ಮಡಚಿ. ಕಾರಿನ ಅಲಾರ್ಮ್ ಆಫ್ ಮಾಡುವುದು ಹೇಗೆ ಅಂತ ಬಾಡಿಗೆಯವರನ್ನು ಮೊದಲೇ ಕೇಳಿ, ಇಲ್ಲದಿದ್ದರೆ ಹಡಗು ಅಲುಗಿದಾಗಲೆಲ್ಲ ಕೂಗಿ ಬೆಳಿಗ್ಗೆ ಹೊತ್ತಿಗೆ ಬ್ಯಾಟರಿ ಸತ್ತಿರುತ್ತೆ. ಮೇಲೆ ಹತ್ತುವ ಮುಂಚೆ ಡೆಕ್ ನಂಬರ್ ಮತ್ತು ಮೆಟ್ಟಿಲ ಬಾಗಿಲ ಗುರುತಿನ ಫೋಟೊ ತೆಗೆದಿಟ್ಟುಕೊಳ್ಳಿ.

ಕೈಚೀಲದಲ್ಲಿ ಮಾತ್ರೆ, ಪಾಸ್‌ಪೋರ್ಟ್, ಸ್ವೆಟರ್ (ಎಸಿ ಜೋರು), ಚಾರ್ಜರ್, ನೀರು, ಊಟ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಕೂರಲ್ಲ. ಕ್ಯಾಬಿನ್‌ನಲ್ಲಿ ಕೆಟಲ್, ರೈಸ್ ಕುಕ್ಕರ್ ಬೇಡವೇ ಬೇಡ, ಬೆಂಕಿಯ ಭಯಕ್ಕೆ ನಿಷೇಧ. ಬಿಸಿನೀರು ಬೇಕಾದರೆ ಬಾರ್‌ನಲ್ಲಿ ‘ಆಕ್ವಾ ಕಾಲ್ದಾ’ ಅಂತ ಕೇಳಿ. ಸೆಲ್ಫ್ ಸರ್ವಿಸ್‌ನಲ್ಲಿ ಪಾಸ್ತಾ ಆಲ್ ಪೊಮೊದೊರೊ (ಟೊಮೆಟೊ ಸಾಸಿನದ್ದು) ಸಸ್ಯಾಹಾರ. ರಿಸೊಟ್ಟೊ, ಸೂಪ್‌ಗೆ ಮಾಂಸದ ಸಾರು ಹಾಕಿರಬಹುದು, ಕೇಳಿಯೇ ತಿನ್ನಿ. ಮತ್ತೊಂದು, ಹಡಗು ದಡ ಬಿಟ್ಟ ಕೂಡಲೇ ಎಲ್ಲರ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿಸಿ. ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದರೆ ಯುರೋಪಿನ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸಲ್ಲ, ವಾಟ್ಸಾಪ್ ತಾನಾಗಿ ಫೋಟೊ ಇಳಿಸಿಕೊಂಡೇ ದೊಡ್ಡ ಬಿಲ್ ಬರುತ್ತೆ.

ಹೊರಡುವುದೇ 90 ನಿಮಿಷಕ್ಕಿಂತ ತಡವಾಗುವುದಿದ್ದರೆ ಯುರೋಪಿನ 1177/2010 ನಿಯಮದ ಪ್ರಕಾರ ದುಡ್ಡು ವಾಪಸ್ ಅಥವಾ ಬೇರೆ ಹಡಗು, ಎರಡರಲ್ಲೊಂದನ್ನು ಕೇಳಬಹುದು. ತಲುಪುವುದು 3 ಗಂಟೆ ತಡವಾದರೆ ಟಿಕೆಟ್‌ನ 25%, 6 ಗಂಟೆ ಮೀರಿದರೆ 50% ಪರಿಹಾರ. ಹವಾಮಾನದ ಕಾರಣಕ್ಕಾದರೆ ಪರಿಹಾರ ಇಲ್ಲ.

ಬೆಳಿಗ್ಗೆ ತಲುಪುವ ಗಂಟೆ ಮೊದಲೇ ಮೈಕ್‌ನಲ್ಲಿ ಎಬ್ಬಿಸಿ ಕ್ಯಾಬಿನ್ ಖಾಲಿ ಮಾಡಿಸ್ತಾರೆ. ಡೆಕ್‌ಗೆ ಕರೆದಾಗಲೇ ಇಳಿಯಿರಿ, ಮುಂಚೆ ಹೋದರೆ ಮೆಟ್ಟಿಲಲ್ಲಿ ಲಗೇಜ್ ಹಿಡಿದು ನಿಲ್ಲಬೇಕು. ಪಲೆರ್ಮೊ ಬಂದರು ಊರ ಮಧ್ಯದಲ್ಲೇ ಇದೆ, ಹಳೇ ಪೇಟೆಯೆಲ್ಲ ಜೆಡ್‌ಟಿಎಲ್, ಅಂದರೆ ಪರವಾನಗಿ ಇಲ್ಲದ ಕಾರಿಗೆ ಪ್ರವೇಶವಿಲ್ಲ. ಕ್ಯಾಮೆರಾ ನಂಬರ್ ಓದುತ್ತೆ, ದಂಡ ತಿಂಗಳುಗಳಾದ ಮೇಲೆ ಬರುತ್ತೆ, ಬಾಡಿಗೆ ಕಂಪನಿ ತನ್ನ ಶುಲ್ಕವನ್ನೂ ಸೇರಿಸುತ್ತೆ. ಹೋಟೆಲ್ ಆ ಗಡಿಯೊಳಗಿದ್ದರೆ ಪಾಸ್ ಬಗ್ಗೆ ಮೊದಲೇ ವಿಚಾರಿಸಿ, ಇಲ್ಲವೇ ಹೊರಗೆ ಪಾರ್ಕ್ ಮಾಡಿ. ಅಲ್ಲಿ ಆರಾಂಚೀನಾ (ಕರಿದ ಅನ್ನದ ಉಂಡೆ) ತಿನ್ನುವಾಗ ‘ಆಲ್ ಬುರ್ರೊ’ ಅಂದರೆ ಬರೀ ಬೆಣ್ಣೆ ಅಂದುಕೊಳ್ಳಬೇಡಿ, ಒಳಗೆ ಹ್ಯಾಮ್ ಇರುತ್ತೆ. ಅಪ್ಪ-ಅಮ್ಮನಿಗೆ ಪಾನೆಲ್ಲೆ ಕೊಡಿಸಿ: ಕಡಲೆಹಿಟ್ಟು ಬೇಯಿಸಿ, ತೆಳ್ಳಗೆ ಹೆಪ್ಪುಗಟ್ಟಿಸಿ, ಕತ್ತರಿಸಿ ಎಣ್ಣೆಯಲ್ಲಿ ಕರಿದದ್ದು. ಅದೇ ಎಣ್ಣೆಯಲ್ಲಿ ಮೀನು ಕರೀತಾರಾ ಅಂತ ಮಾತ್ರ ಕೇಳಿಕೊಳ್ಳಿ.