ರಕ್ಷಣಾ ರಫ್ತು: ಮಳಿಗೆ ಆಮೇಲೆ, ಲೈಸೆನ್ಸ್ ಮೊದಲು

ಪ್ರಶ್ನೆ: ನಾನು ಒಂದು ಕೈಗಾರಿಕಾ ಸಂಘದಲ್ಲಿದ್ದೇನೆ. ನಮ್ಮ ಸದಸ್ಯರಲ್ಲಿ ಕ್ಯಾಮೆರಾ, ಆಂಟೆನಾ, ಡ್ರೋನ್ ಬಿಡಿಭಾಗ ಮಾಡುವ ಸಣ್ಣ ರಕ್ಷಣಾ ಕಂಪನಿಗಳು ಸುಮಾರಿವೆ. ಇವರಿಗೆ ಹೊರದೇಶದ ಆರ್ಡರ್ ಸಿಗಲಿ ಅಂತ ಈ ವರ್ಷದ ಹಣವನ್ನೆಲ್ಲ ಒಂದು ದೊಡ್ಡ ಪ್ರದರ್ಶನದ ಮಳಿಗೆಗೆ ಇಡಬೇಕೆಂದಿದ್ದೇವೆ. ಸರಿ ತಾನೆ?

ಉತ್ತರ: ಎಲ್ಲ ಹಣ ಅಲ್ಲಿಗೇ ಸುರಿಯಬೇಡಿ. ಪ್ಯಾರಿಸ್‌ನ ಯೂರೋಸೇಟರಿ, ಲಂಡನ್‌ನ ಡಿಎಸ್‌ಇಐ, ಅಬುಧಾಬಿಯ ಐಡೆಕ್ಸ್‌ನಂಥ ದೊಡ್ಡ ರಕ್ಷಣಾ ಪ್ರದರ್ಶನಗಳು ಎರಡು ವರ್ಷಕ್ಕೊಮ್ಮೆ ನಡೆಯುತ್ತವೆ. ಅಲ್ಲಿ ಜನರ ಪರಿಚಯ ಆಗುತ್ತದೆ, ಅದು ಬೇಕಾದದ್ದೇ. ಆದರೆ ಮಳಿಗೆಗೆ ಬಂದ ಖರೀದಿ ಅಧಿಕಾರಿ ಬೆಲೆ ಕೇಳುವ ಮುಂಚೆಯೇ ಬೇರೆ ಎರಡು ಮಾತು ಕೇಳುತ್ತಾರೆ. ನಿಮ್ಮ ದೇಶದ ಸೇನೆ ಇದನ್ನು ಬಳಸುತ್ತಿದೆಯಾ? ನಮ್ಮ ದೇಶಕ್ಕೆ ಕಳಿಸಲು ನಿಮಗೆ ಲೈಸೆನ್ಸ್ ಸಿಗುತ್ತದಾ? ಎರಡಕ್ಕೂ ತಡವರಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಲೈಸೆನ್ಸ್ ಅಂದರೆ ಒಂದು ಫಾರಂ ತುಂಬುವ ಕೆಲಸ ಅಂತ ಬಹಳ ಕಂಪನಿಗಳು ಅಂದುಕೊಂಡಿವೆ, ಇಲ್ಲೇ ಜಾಸ್ತಿ ಪೆಟ್ಟು ಬೀಳುವುದು. ಒಂದು ಕಂಪನಿ ಥರ್ಮಲ್ ಕ್ಯಾಮೆರಾ, ಅಂದರೆ ಶಾಖವನ್ನು ಚಿತ್ರವಾಗಿ ತೋರಿಸುವ ಕ್ಯಾಮೆರಾ, ಮಾಡುತ್ತದೆ ಅಂತ ಇಟ್ಟುಕೊಳ್ಳಿ. ಲೆನ್ಸ್ ಅವರದೇ, ಸಾಫ್ಟ್‌ವೇರ್ ಅವರದೇ, ಹೊರಗಿನ ಅಲ್ಯೂಮಿನಿಯಂ ಡಬ್ಬಿಯೂ ಅವರದೇ. ಒಳಗೆ ಶಾಖವನ್ನು ಗ್ರಹಿಸುವ ಡಿಟೆಕ್ಟರ್ ಮಾತ್ರ ಅಮೆರಿಕದ್ದು. ಅದು ಅಮೆರಿಕದ ಐಟಾರ್ (ಶಸ್ತ್ರಾಸ್ತ್ರ ರಫ್ತಿನ ಮೇಲೆ ಹಿಡಿತ ಇಡುವ) ನಿಯಮದ ಪಟ್ಟಿಯಲ್ಲಿದ್ದರೆ ಇಡೀ ಕ್ಯಾಮೆರಾಗೆ ಆ ನಿಯಮ ಅಂಟಿಕೊಳ್ಳುತ್ತದೆ, ಮೂರನೇ ದೇಶಕ್ಕೆ ಮಾರಬೇಕಾದರೆ ಅಮೆರಿಕದ ವಿದೇಶಾಂಗ ಇಲಾಖೆಯ ಒಪ್ಪಿಗೆ ಬೇಕು. ಸ್ವಂತ ಸರ್ಕಾರದ ಲೈಸೆನ್ಸ್ ಬೇರೆ. ಕೊಳ್ಳುವ ದೇಶ ಇದನ್ನು ಯಾರು ಬಳಸುತ್ತಾರೆ, ಬೇರೆಯವರಿಗೆ ದಾಟಿಸುವುದಿಲ್ಲ ಎಂದು ಬರೆದುಕೊಡುವ ಪ್ರಮಾಣಪತ್ರ ಇನ್ನೊಂದು. ಸಾಮಾನು ಗಡಿ ದಾಟಿದರೆ ಮಾತ್ರ ರಫ್ತು ಅಂತಲೂ ಅಲ್ಲ. ನಿಯಂತ್ರಣದ ಪಟ್ಟಿಯಲ್ಲಿರುವ ವಸ್ತುವಿನ ಡ್ರಾಯಿಂಗನ್ನು ಹೊರದೇಶದ ಗಿರಾಕಿಗೆ ಈಮೇಲ್ ಮಾಡಿದರೂ ಅದು ರಫ್ತೇ, ಪ್ರದರ್ಶನದಲ್ಲಿ ತೋರಿಸಲು ಒಯ್ಯುವ ಒಂದು ಸ್ಯಾಂಪಲ್‌ಗೂ ಅನುಮತಿ ಬೇಕಾಗಬಹುದು. ಮೂವತ್ತು ಜನರ ಕಂಪನಿಯಲ್ಲಿ ಇದನ್ನೆಲ್ಲ ಬಲ್ಲವರು ಒಬ್ಬರೂ ಇರುವುದಿಲ್ಲ. ಹಾಗಾಗಿ ಸಂಘದ ಹಣದಲ್ಲಿ ಮೊದಲು ಒಬ್ಬ ಒಳ್ಳೆಯ ಲೈಸೆನ್ಸ್ ತಜ್ಞರನ್ನು ಇಟ್ಟುಕೊಳ್ಳಿ, ಎಲ್ಲ ಸದಸ್ಯರಿಗೂ ಸೇರಿಸಿ. ಪ್ರತಿ ಕಂಪನಿಯ ಬಿಡಿಭಾಗಗಳ ಪಟ್ಟಿಯನ್ನು ಅವರು ಒಂದೊಂದೇ ಸಾಲು ನೋಡಲಿ. ಡಿಸೈನ್ ಹಂತದಲ್ಲೇ ಗೊತ್ತಾದರೆ ಡಿಟೆಕ್ಟರ್ ಬದಲಾಯಿಸಬಹುದು, ಆರ್ಡರ್ ಬಂದ ಮೇಲೆ ಆಗುವುದಿಲ್ಲ.

ಇನ್ನು ಬ್ಯಾಂಕ್ ಗ್ಯಾರಂಟಿ. ಟೆಂಡರ್ ಗೆದ್ದ ಕಂಪನಿ ಸಾಮಾನ್ಯವಾಗಿ ಒಪ್ಪಂದದ ಮೊತ್ತದ ಶೇ. 5ರಿಂದ 10ರಷ್ಟಕ್ಕೆ ಕೆಲಸ ಪೂರೈಸುವ ಗ್ಯಾರಂಟಿ ಕೊಡಬೇಕು, ಮುಂಗಡ ತೆಗೆದುಕೊಂಡರೆ ಅದಕ್ಕೂ ಬೇರೆ ಗ್ಯಾರಂಟಿ. ಬ್ಯಾಂಕ್ ಅದಕ್ಕೆ ನಗದು ಒತ್ತೆ ಕೇಳುತ್ತದೆ, ಆಗ ಸಂಬಳಕ್ಕೂ ಕಚ್ಚಾವಸ್ತುವಿಗೂ ಇಟ್ಟ ಹಣ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆರ್ಡರ್ ಗೆದ್ದೇ ಕಂಪನಿ ಮುಳುಗುವುದು ಹೀಗೆ. ಬ್ರಿಟನ್ನಿನ ಯುಕೆಇಎಫ್‌ನಂಥ ರಫ್ತು ಸಾಲ ಸಂಸ್ಥೆಗಳು ಇಂಥ ಗ್ಯಾರಂಟಿಯ ಒಂದು ಪಾಲಿಗೆ ಹೊಣೆ ನಿಲ್ಲುತ್ತವೆ. ನಿಮ್ಮ ದೇಶದಲ್ಲಿ ಅಂಥ ವ್ಯವಸ್ಥೆ ಇದ್ದರೆ ಸದಸ್ಯರನ್ನು ಅಲ್ಲಿಗೆ ಮುಟ್ಟಿಸುವುದು ನೂರು ಬ್ರೋಷರ್‌ಗಿಂತ ದೊಡ್ಡ ಸಹಾಯ.

ಉಳಿದ ಹಣದಲ್ಲಿ ಪ್ರದರ್ಶನಕ್ಕೆ ಖಂಡಿತ ಹೋಗಿ. ಸುಮ್ನೆ ಮಳಿಗೆಯಲ್ಲಿ ಕಾಯಬೇಡಿ, ಭೇಟಿಗಳನ್ನು ಮುಂಚೆಯೇ ಗೊತ್ತು ಮಾಡಿಕೊಂಡು ಹೋಗಿ.

ಪ್ರಶ್ನೆ: ನಮ್ಮದು ರೇಡಿಯೊ ಆಂಟೆನಾ ಕಂಪನಿ. ಹೊರದೇಶದ ಏಜೆಂಟ್ ಒಬ್ಬರು ಅಲ್ಲಿನ ರಕ್ಷಣಾ ಸಚಿವಾಲಯದಲ್ಲಿ ತಮಗೆ ಒಳ್ಳೆ ಸಂಪರ್ಕ ಇದೆ, ಶೇ. 15 ಕಮಿಷನ್ ಕೊಟ್ಟರೆ ಆರ್ಡರ್ ಖಚಿತ ಅನ್ನುತ್ತಿದ್ದಾರೆ. ಒಪ್ಪಿಕೊಳ್ಳಲೇ?

ಉತ್ತರ: ಬೇಡ. ಆರ್ಡರ್ ಖಚಿತ ಅಂದ ಕೂಡಲೇ ಎದ್ದು ಬನ್ನಿ. 1997ರ ಒಇಸಿಡಿ (ಆರ್ಥಿಕ ಸಹಕಾರಕ್ಕಾಗಿ ಇರುವ ದೇಶಗಳ ಒಕ್ಕೂಟ) ಲಂಚ ವಿರೋಧಿ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳಲ್ಲಿ ಹೊರದೇಶದ ಅಧಿಕಾರಿಗೆ ಲಂಚ ಕೊಡುವುದು ಅಪರಾಧ, ಏಜೆಂಟ್ ಕೈಯಿಂದ ಕೊಡಿಸಿದರೂ ಅಷ್ಟೇ. ಪ್ರಾಮಾಣಿಕ ಸ್ಥಳೀಯ ಪ್ರತಿನಿಧಿ ಬೇಕೇ ಬೇಕು, ಅದು ಬೇರೆ ಮಾತು. ಅವರು ಏನು ಕೆಲಸ ಮಾಡುತ್ತಾರೆ ಎಂದು ಬರಹದಲ್ಲಿ ಇರಲಿ, ಮಾಡಿದ ಕೆಲಸಕ್ಕೆ ತಕ್ಕ ಹಣ ಕೊಡಿ, ಆ ದೇಶದ ರಕ್ಷಣಾ ಖರೀದಿಯಲ್ಲಿ ಏಜೆಂಟರಿಗೆ ಅವಕಾಶ ಇದೆಯೇ ಎಂದು ಮೊದಲೇ ವಕೀಲರ ಹತ್ತಿರ ಕೇಳಿಕೊಳ್ಳಿ.

ಪ್ರಶ್ನೆ: ನಮ್ಮ ಸೇನೆಯೇ ಇನ್ನೂ ನಮ್ಮ ಉಪಕರಣ ಕೊಂಡಿಲ್ಲ. ಹೊರಗೆ ಯಾರು ನಂಬುತ್ತಾರೆ?

ಉತ್ತರ: ಕಷ್ಟ ಇದೆ, ಆದರೆ ದಾರಿ ಇದೆ. ದೊಡ್ಡ ಆರ್ಡರ್‌ಗೆ ಕಾಯದೆ ಸೇನೆಯ ಒಂದು ತುಕಡಿಗೆ ಬಳಸಿ ನೋಡಲು ನಾಲ್ಕೈದು ಕೊಡಿ. ಅವರ ಟ್ರಯಲ್ ವರದಿಯನ್ನು ಹೊರಗೆ ತೋರಿಸಲು ಲಿಖಿತ ಅನುಮತಿ ಪಡೆಯಿರಿ. ಬ್ರಿಟನ್ನಿನಲ್ಲಂತೂ ಸೇವೆಯಲ್ಲಿರುವ ಸೈನಿಕರ ತಂಡವೇ ಹೊರದೇಶದ ಗಿರಾಕಿಗಳಿಗೆ ಉಪಕರಣ ಬಳಸಿ ತೋರಿಸುತ್ತದೆ. ಬಳಸಿದ ಸೈನಿಕ ಹೇಳುವ ಮಾತಿಗೆ ಇರುವ ತೂಕ ಮಾರುವವನ ಮಾತಿಗೆ ಇರಲು ಸಾಧ್ಯವಿಲ್ಲ, ಅಲ್ವಾ? ಬಿಸಿ, ಚಳಿ, ಧೂಳು, ಅಲುಗಾಟಕ್ಕೆ ಅಮೆರಿಕ ಸೇನೆಯ ಪರೀಕ್ಷಾ ಮಾನದಂಡವಾದ ಮಿಲ್-ಸ್ಟ್ಯಾಂಡರ್ಡ್ 810, ವಿದ್ಯುತ್ಕಾಂತೀಯ ಅಡಚಣೆಗೆ ಮಿಲ್-ಸ್ಟ್ಯಾಂಡರ್ಡ್ 461, ಈ ಎರಡು ಪರೀಕ್ಷೆಯ ವರದಿ ಸ್ವತಂತ್ರ ಲ್ಯಾಬ್‌ನಿಂದ ಮಾಡಿಸಿ ಇಟ್ಟುಕೊಳ್ಳಿ.

ಜೊತೆಗೆ, ನೇರವಾಗಿ ಸರ್ಕಾರಕ್ಕೇ ಮಾರಬೇಕು ಎಂಬ ಹಟ ಬಿಡಿ. ವಾಹನ, ವಿಮಾನ ಮಾರುವ ದೊಡ್ಡ ಕಂಪನಿಗಳಿಗೆ ಬಿಡಿಭಾಗ ಕೊಡುವವರು ಬೇಕು, ಅವರ ಜೊತೆ ಸೇರಿದರೆ ಟೆಂಡರ್ ಭಾರ ಅವರ ತಲೆಮೇಲೆ ಇರುತ್ತದೆ. ಎಷ್ಟೋ ದೇಶಗಳು ದೊಡ್ಡ ಖರೀದಿಯ ಒಂದು ಪಾಲು ತಮ್ಮಲ್ಲೇ ಖರ್ಚಾಗಬೇಕೆಂದು ಆಫ್‌ಸೆಟ್ ಷರತ್ತು ಹಾಕುತ್ತವೆ, ಹಾಗಾಗಿ ಆ ದೇಶದ್ದೇ ಒಂದು ಸಣ್ಣ ಕಂಪನಿಯ ಜೊತೆ ಉಪಕರಣವನ್ನು ಅಲ್ಲೇ ಜೋಡಿಸುವ ಒಪ್ಪಂದ ಇದ್ದರೆ ನಿಮಗೆ ಬಾಗಿಲು ಬೇಗ ತೆರೆಯುತ್ತದೆ. ಒಂದು ಎಚ್ಚರ: ಬಿಡಿಭಾಗ ಮತ್ತು ರಿಪೇರಿ ಎಷ್ಟು ವರ್ಷ ಕೊಡುತ್ತೀರಿ ಎಂದು ಕೊಳ್ಳುವವರು ಕೇಳೇ ಕೇಳುತ್ತಾರೆ. ಸೇನೆಗಳು ಉಪಕರಣವನ್ನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಬಳಸುವುದುಂಟು, ನಿಮ್ಮ ಚಿಪ್ ಅಷ್ಟು ದಿನ ಮಾರುಕಟ್ಟೆಯಲ್ಲಿ ಇರುವುದಿಲ್ಲ. ಬದಲಿ ಚಿಪ್ ಯಾವುದು ಎಂದು ಈಗಲೇ ಬರೆದಿಟ್ಟುಕೊಂಡು ಹೋಗಿ.